ಸ್ಲೋ ಸ್ಪೀಡಿನಲ್ಲಿ ಲಾರಿ ನಡುಗಿದರೆ ತಪ್ಪು ಇಂಜೆಕ್ಟರಿನದ್ದೇನಾ?

ಪ್ರಶ್ನೆ: ನಮ್ಮದು ಆರು ಸಿಲಿಂಡರಿನ ಕಾಮನ್ ರೈಲ್ ಡೀಸೆಲ್ ಲಾರಿ. ನಾಲ್ಕೂವರೆ ಲಕ್ಷ ಕಿ.ಮೀ. ಓಡಿದೆ. ಎರಡು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಲು ತುಂಬ ಹೊತ್ತು ಸೆಲ್ಫ್ ಹೊಡೆಯಬೇಕು. ಸ್ಟಾರ್ಟ್ ಆದಮೇಲೆ ಹತ್ತು ನಿಮಿಷ ಬಿಳಿ ಹೊಗೆ, ಇಡೀ ಕ್ಯಾಬಿನ್ ನಡುಗುತ್ತದೆ. ಬಿಸಿಯಾದ ಮೇಲೆ ಬಹುಪಾಲು ಸರಿಹೋಗುತ್ತದೆ. ಆದರೂ ನಿಲ್ಲಿಸಿದಲ್ಲಿ ಆರ್‌ಪಿಎಂ ಆಗಾಗ ಮೇಲೆ ಕೆಳಗೆ ಆಡುತ್ತದೆ. ಲೋಡ್ ಹಾಕಿ ಏರು ಹತ್ತುವಾಗ ಎರಡು ಮೂರು ಸಲ ಎಂಜಿನ್ ಲೈಟ್ ಬಂದು ಪಿಕಪ್ ಹೋಯಿತು. ಸ್ಕ್ಯಾನರಿನಲ್ಲಿ ಪಿ0087 ಕೋಡ್ ಬಂತು. ಎರಡೂ ಡೀಸೆಲ್ ಫಿಲ್ಟರ್ ಬದಲಿಸಿದ್ದೇನೆ, ಪ್ರಯೋಜನವಾಗಲಿಲ್ಲ. ಒಬ್ಬರು ಆರೂ ಇಂಜೆಕ್ಟರ್ ಬದಲಿಸಿ ಅಂತಾರೆ. ಇನ್ನೊಬ್ಬರು ಪಂಪ್ ಹೋಗಿದೆ ಅಂತಾರೆ. ಮೂರನೆಯವರು ಟ್ಯಾಂಕಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ನೋಡಿ ಅಂದರು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಮೂರನೆಯವರ ಮಾತು ಮುಗಿಸಿಬಿಡೋಣ. ಸೀಮೆಎಣ್ಣೆ ಹಾಕಬೇಡಿ. ಪಂಪಿನ ಪ್ಲಂಜರ್, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಸೂಜಿ ಇವೆಲ್ಲ ಸವೆಯದೆ ಓಡುವುದು ಡೀಸೆಲಿನ ಜಿಡ್ಡಿನ ಮೇಲೆಯೇ. ಸೀಮೆಎಣ್ಣೆ ಅದಕ್ಕಿಂತ ತೆಳು, ಜಿಡ್ಡೂ ಕಡಿಮೆ. ಹಳೆಯ ಇನ್‌ಲೈನ್ ಪಂಪಿನ ಗಾಡಿಗಳಲ್ಲಿ ನಾಜಲ್ ತೆರೆದುಕೊಳ್ಳುತ್ತಿದ್ದದ್ದು ಸುಮಾರು 200 ಬಾರ್ ಒತ್ತಡಕ್ಕೆ. ಅವು ಇಂಥ ಪ್ರಯೋಗಗಳನ್ನು ಹೇಗೋ ತಡೆದುಕೊಂಡವು. ನಿಮ್ಮ ಗಾಡಿಯಂಥದ್ದರಲ್ಲಿ ಪೂರ್ತಿ ಲೋಡಿನಲ್ಲಿ ರೈಲಿನ, ಅಂದರೆ ಪಂಪಿನಿಂದ ಬಂದ ಡೀಸೆಲನ್ನು ಎಲ್ಲ ಇಂಜೆಕ್ಟರಿಗೂ ಹಂಚುವ ದಪ್ಪ ಪೈಪಿನ, ಒತ್ತಡ 1,600 ಬಾರ್ ಆಸುಪಾಸು ಇರುತ್ತದೆ. ಹೊಸ ಎಂಜಿನ್‌ಗಳಲ್ಲಿ 2,000 ದಾಟುವುದೂ ಉಂಟು. ಅಲ್ಲಿ ತೆಳು ಎಣ್ಣೆ ಹಾಕಿದರೆ ಇವತ್ತು ಸರಿಯಿರುವ ಪಂಪೂ ನಾಳೆ ಕೆಡಬಹುದು.

ಉಳಿದ ಇಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಇಂಜೆಕ್ಟರೂ ಹೋಗಿರಬಹುದು, ಪಂಪೂ ಹೋಗಿರಬಹುದು. ಆದರೆ ಇಬ್ಬರೂ ಪರೀಕ್ಷೆ ಮಾಡಿ ಹೇಳಿದಂತೆ ಕಾಣುವುದಿಲ್ಲ. ಇಂಥ ಗಾಡಿ ನನ್ನ ಹತ್ತಿರ ಬಂದರೆ ನಾನು ಸ್ಕ್ಯಾನರ್ ಹಾಕುವ ಮೊದಲು ಕೇಳುವುದು ಒಂದೇ: ಯಾವಾಗ ಕೆಡುತ್ತದೆ? ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಾಗಲೋ ಲೋಡಿನಲ್ಲೋ? ನೀವು ಅದನ್ನೆಲ್ಲ ಬರೆದಿದ್ದೀರಿ. ಅದನ್ನು ನೋಡಿದರೆ ನನ್ನ ಮೊದಲ ಅನುಮಾನ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನ ಮೇಲೆ. ಎರಡನೆಯದು ಯಾವುದೋ ಒಂದು ಸಿಲಿಂಡರಿನ ಮೇಲೆ. ಆರೂ ಇಂಜೆಕ್ಟರ್ ಎನ್ನುವುದು ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ.

ಸ್ಲೋ ಸ್ಪೀಡಿನಲ್ಲೇ ಯಾಕೆ ನಡುಗುತ್ತದೆ ಎಂದು ಅರ್ಥವಾದರೆ ಉಳಿದದ್ದು ಸುಲಭ. ಐಡ್ಲಿಂಗ್‌ನಲ್ಲಿ, ಅಂದರೆ ಕಾಲು ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ, ಪ್ರತಿ ಸಲ ಸಿಲಿಂಡರಿಗೆ ಹೋಗುವ ಡೀಸೆಲ್ ಬಹಳ ಕಡಿಮೆ, ಪೂರ್ತಿ ಲೋಡಿನಲ್ಲಿ ಹೋಗುವುದರ ಸುಮಾರು ಹತ್ತನೇ ಒಂದರಷ್ಟು. ಒಂದು ಇಂಜೆಕ್ಟರ್ ಒಂದು ಹನಿಯ ಚೂರು ಹೆಚ್ಚು ಕಡಿಮೆ ಕೊಟ್ಟರೂ ಐಡ್ಲಿಂಗ್‌ನಲ್ಲಿ ಅದು ದೊಡ್ಡ ವ್ಯತ್ಯಾಸ. ಲೋಡಿನಲ್ಲಿ ಅದೇ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಜೊತೆಗೆ 600 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ ಐದೇ ಸಲ ಉರಿಯುತ್ತದೆ. ಒಂದು ಸೋತರೆ ಆ ಹೊಡೆತ ಎಣಿಸುವಷ್ಟು ನಿಧಾನವಾಗಿ ಸೀಟಿಗೆ ಬಡಿಯುತ್ತದೆ.

ಫಿಲ್ಟರ್ ಕಟ್ಟಿಕೊಂಡರೆ ಕಥೆ ಉಲ್ಟಾ. ಐಡ್ಲಿಂಗ್‌ಗೆ ಬೇಕಾದ ಡೀಸೆಲ್ ಹೇಗೋ ನುಸುಳಿಕೊಂಡು ಬರುತ್ತದೆ, ಎಂಜಿನ್ ಚೆನ್ನಾಗಿಯೇ ನಿಂತಿರುತ್ತದೆ. ಏರಿನಲ್ಲಿ ಕಾಲು ಒತ್ತಿದಾಗ ಪಿಕಪ್ ಹೋಗುತ್ತದೆ. ಹಾಗಾಗಿ ನಡುಕಕ್ಕೆ ಫಿಲ್ಟರ್ ಬದಲಿಸಿ ಪ್ರಯೋಜನವಾಗದಿದ್ದರೆ ನನಗೆ ಆಶ್ಚರ್ಯವಿಲ್ಲ. ನಿಮ್ಮ ಗಾಡಿಯಲ್ಲಿ ಎರಡೂ ಲಕ್ಷಣ ಇವೆ, ಅದೇ ನಿಮ್ಮ ಮೆಕ್ಯಾನಿಕ್‌ಗಳನ್ನು ಗೊಂದಲಕ್ಕೆ ಹಾಕಿರುವುದು.

ನಡುಕ ಎಂದರೂ ಎಲ್ಲ ಒಂದೇ ಅಲ್ಲ. ಗಾಡಿ ನಿಲ್ಲಿಸಿ ಆರ್‌ಪಿಎಂ ಮುಳ್ಳು ನೋಡಿ. ಮುಳ್ಳು ಸ್ಥಿರವಾಗಿದ್ದು, ಶಬ್ದವೂ ಒಂದೇ ಸಮನಿದ್ದು ಕ್ಯಾಬಿನ್ ಮಾತ್ರ ಅದುರುತ್ತಿದ್ದರೆ ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ನಾಲ್ಕೂವರೆ ಲಕ್ಷಕ್ಕೆ ಅದು ಹರಿದಿದ್ದರೆ ತಪ್ಪೇನಿಲ್ಲ. ಇಂಜೆಕ್ಟರ್ ಬದಲಿಸಿಯೂ ನಡುಕ ಹೋಗಲಿಲ್ಲ ಎಂದು ಬಂದ ಗಾಡಿಗಳಲ್ಲಿ ರಬ್ಬರ್ ಹರಿದಿದ್ದನ್ನು ನೋಡಿದ್ದೇನೆ. ಒಂದೇ ತಾಳದಲ್ಲಿ ಒಂದು ಹೊಡೆತ ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಮಿಸ್ಸಿಂಗ್. ಮುಳ್ಳು ತಾಳವಿಲ್ಲದೆ ಏರಿ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಡೀಸೆಲ್ ಜೊತೆ ಗಾಳಿ ಬರುತ್ತಿದೆ, ಇಲ್ಲವೇ ಪಂಪಿಗೆ ಹೋಗುವ ಡೀಸೆಲನ್ನು ಅಳತೆ ಮಾಡಿ ಬಿಡುವ ವಾಲ್ವ್ ಅಂಟುತ್ತಿದೆ. ನೀವು ಬರೆದಿರುವ 'ಮೇಲೆ ಕೆಳಗೆ ಆಡುವುದು' ಈ ಕೊನೆಯ ಗುಂಪಿನದು. ಬೆಳಿಗ್ಗೆಯ ನಡುಕ ಬಹುಶಃ ಎರಡನೆಯದು. ಬೇರೆ ಬೇರೆ ಕಾಯಿಲೆಗಳು ಒಂದೇ ಗಾಡಿಯಲ್ಲಿ ಇರಬಾರದು ಅಂತೇನಿಲ್ಲವಲ್ಲ.

ಇನ್ನು ಆ ಕೋಡ್. ಪಿ0087 ಎಂದರೆ ಪಂಪ್ ಹೋಗಿದೆ ಎಂದಲ್ಲ. ಎಂಜಿನ್ ಕಂಪ್ಯೂಟರ್ ಕೇಳಿದಷ್ಟು ಒತ್ತಡ ರೈಲಿನಲ್ಲಿ ಬರಲಿಲ್ಲ ಎಂದಷ್ಟೇ. ಟ್ಯಾಂಕಿನೊಳಗಿನ ಜಾಲರಿ ಕಸ ಹಿಡಿದಿದ್ದರೂ ಅದೇ ಕೋಡ್. ಪೈಪ್ ಒಳಗಿನಿಂದ ಊದಿ ಕಟ್ಟಿಕೊಂಡಿದ್ದರೂ, ಗಾಳಿ ಎಳೆಯುತ್ತಿದ್ದರೂ, ಟ್ಯಾಂಕಿನಿಂದ ಡೀಸೆಲ್ ತರುವ ಫೀಡ್ ಪಂಪ್ ಸೋತಿದ್ದರೂ, ಹೆಚ್ಚಾದ ಒತ್ತಡ ಬಿಡುವ ರೈಲಿನ ರಿಲೀಫ್ ವಾಲ್ವ್ ಸೋರುತ್ತಿದ್ದರೂ, ಒಂದು ಇಂಜೆಕ್ಟರ್ ರಿಟರ್ನ್‌ಗೆ (ಉಳಿದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿಗೆ) ಜಾಸ್ತಿ ಬಿಡುತ್ತಿದ್ದರೂ ಅದೇ ಕೋಡ್ ಬರುತ್ತದೆ. ಇಷ್ಟರಲ್ಲಿ ಅತಿ ದುಬಾರಿಯಾದದ್ದನ್ನೇ ಮೊದಲು ಬದಲಿಸುವುದು ಯಾವ ಲೆಕ್ಕ?

ಗಾಳಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಬಹಳ ಲಾರಿಗಳಲ್ಲಿ ಫೀಡ್ ಪಂಪ್ ಎಂಜಿನ್ ಪಕ್ಕದಲ್ಲಿ, ಹೈ ಪ್ರೆಶರ್ ಪಂಪಿನ ಹಿಂಭಾಗಕ್ಕೆ ಸೇರಿಕೊಂಡಿರುತ್ತದೆ. ಅದು ಟ್ಯಾಂಕಿನಿಂದ ಡೀಸೆಲನ್ನು ಎಳೆದುಕೊಳ್ಳುತ್ತದೆ. ಅಂದರೆ ಟ್ಯಾಂಕಿನಿಂದ ಅಲ್ಲಿಯವರೆಗೆ ಪೈಪಿನಲ್ಲಿ ಒತ್ತಡವಿಲ್ಲ, ಎಳೆತ ಇದೆ. ತೂತು ಬಿದ್ದ ಸ್ಟ್ರಾದಲ್ಲಿ ನೀರು ಎಳೆದ ಹಾಗೆ, ಅಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಎಲ್ಲೂ ಸೋರಿಕೆ ಇಲ್ಲ ಎಂದು ಮೆಕ್ಯಾನಿಕ್ ಹೇಳಿದರೆ ಅವರು ಸರಿಯಾಗಿಯೇ ನೋಡಿರುತ್ತಾರೆ. ಎಂಜಿನ್ ನಿಂತ ಮೇಲೆ ಅದೇ ತೂತಿನಿಂದ ಗಾಳಿ ಸೇರಿ ಪೈಪಿನ ಡೀಸೆಲ್ ರಾತ್ರಿಯೆಲ್ಲ ನಿಧಾನವಾಗಿ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಪಂಪ್ ಮೊದಲು ಖಾಲಿ ಪೈಪನ್ನು ತುಂಬಬೇಕು. ಮೇಲೆ ಏರಿನಲ್ಲಿ ಎಳೆತ ಜಾಸ್ತಿಯಾದಾಗ ಗಾಳಿಯೂ ಜಾಸ್ತಿ ಬರುತ್ತದೆ, ರೈಲಿನ ಒತ್ತಡ ಬೀಳುತ್ತದೆ, ಕೋಡ್ ಬರುತ್ತದೆ. ನಿಮ್ಮ ಪತ್ರದ ಮುಕ್ಕಾಲು ಭಾಗ ಇದರಲ್ಲೇ ಕೂರುತ್ತದೆ.

ಇದನ್ನು ಖರ್ಚಿಲ್ಲದೆ ನೋಡಬಹುದು. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಫಿಲ್ಟರ್ ಮೇಲಿನ ಹ್ಯಾಂಡ್ ಪ್ರೈಮರನ್ನು (ಡೀಸೆಲ್ ಎಳೆಯುವ ಕೈ ಪಂಪನ್ನು) ಗಟ್ಟಿಯಾಗುವವರೆಗೆ ಒತ್ತಿ. ಎಷ್ಟು ಸಲ ಒತ್ತಬೇಕಾಯಿತು ನೋಡಿ. ತುಂಬ ಸಡಿಲವಾಗಿದ್ದು, ಗಟ್ಟಿಯಾದ ಮೇಲೆ ಎಂಜಿನ್ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆದರೆ ರಾತ್ರಿ ಡೀಸೆಲ್ ಇಳಿದಿದೆ. ಆಮೇಲೆ ಫೀಡ್ ಪಂಪಿಗೆ ಬರುವ ಕಡೆ ಒಂದು ಅಡಿ ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿ ಎಂಜಿನ್ ಓಡಿಸಿ. ಸ್ಟಾರ್ಟ್ ಆದ ತಕ್ಷಣ ನಾಲ್ಕು ಗುಳ್ಳೆ ಹೋದರೆ ಪರವಾಗಿಲ್ಲ. ಬಿಡದೆ ಗುಳ್ಳೆ ಬರುತ್ತಿದ್ದರೆ ಗಾಳಿ ಎಳೆಯುತ್ತಿದೆ. ಪೈಪಿನಲ್ಲಿ ಗುಳ್ಳೆಯಿಲ್ಲ ಆದರೂ ಅನುಮಾನ ಇದೆ ಎಂದಾದರೆ ಇನ್ನೊಂದು ದಾರಿ ಇದೆ. ಸ್ವಚ್ಛ ಡೀಸೆಲ್ ತುಂಬಿದ ಕ್ಯಾನನ್ನು ಎಂಜಿನ್ ಹತ್ತಿರ ಭದ್ರವಾಗಿ ಇಟ್ಟು, ಎಳೆಯುವ ಪೈಪನ್ನೂ ರಿಟರ್ನ್ ಪೈಪನ್ನೂ ಅದಕ್ಕೇ ಹಾಕಿ ನಿಲ್ಲಿಸಿದಲ್ಲೇ ಓಡಿಸಿ ನೋಡುವುದು. ಕ್ಯಾನಿನಿಂದ ಚೆನ್ನಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆಯದು. ಟ್ಯಾಂಕಿನ ಪಿಕಪ್ ಪೈಪಿನ ಬಿರುಕು, ಬಾಂಜೋ ಬೋಲ್ಟಿನ ವಾಷರ್, ಕ್ಲಿಪ್ ಸಡಿಲವಾದ ಹೋಸ್, ಫಿಲ್ಟರ್ ಹೌಸಿಂಗಿನ ಓ-ರಿಂಗ್, ಪ್ರೈಮರಿನ ಒಳಗಿನ ವಾಲ್ವ್, ಚಾಸಿಗೆ ಉಜ್ಜಿ ಸವೆದ ಪೈಪ್ ಇವನ್ನು ಒಂದೊಂದಾಗಿ ನೋಡಬೇಕು. ಫಿಲ್ಟರ್ ಬದಲಿಸಿದಾಗ ಹಳೆಯ ಓ-ರಿಂಗನ್ನೇ ವಾಪಸ್ ಕೂರಿಸಿದ್ದರೆ ಅಲ್ಲಿಂದಲೇ ಶುರು ಮಾಡಿ.

ಟ್ಯಾಂಕಿನ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡರೂ ಪಿಕಪ್ ಹೋಗುತ್ತದೆ. ಮುಂದಿನ ಸಲ ಏರಿನಲ್ಲಿ ಹಾಗಾದಾಗ ಗಾಡಿಯನ್ನು ಬದಿಗೆ ನಿಲ್ಲಿಸಿ ಮುಚ್ಚಳ ತೆಗೆಯಿರಿ. ಸುಯ್ ಎಂದು ಗಾಳಿ ಒಳಗೆ ಹೋದರೆ ಗೊತ್ತಾಯಿತಲ್ಲ.

ತೆಗೆದ ಹಳೆಯ ಫಿಲ್ಟರ್ ಬಿಸಾಡಿಲ್ಲ ತಾನೆ? ಇದ್ದರೆ ಕತ್ತರಿಸಿ ಕಾಗದವನ್ನು ಬಿಡಿಸಿ ನೋಡಿ. ತುಕ್ಕಿನ ಬಣ್ಣ ಇದ್ದರೆ ಟ್ಯಾಂಕಿನಲ್ಲಿ ನೀರು ನಿಂತಿದೆ. ಕಪ್ಪು ಲೋಳೆ ಇದ್ದರೆ ನೀರು ಮತ್ತು ಡೀಸೆಲ್ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಟ್ಯಾಂಕ್ ತೊಳೆಯದೆ ಎಷ್ಟು ಫಿಲ್ಟರ್ ಹಾಕಿದರೂ ಮತ್ತೆ ಕಟ್ಟುತ್ತದೆ. ಬಿಸಿಲಿಗೆ ಹಿಡಿದಾಗ ಮಿನುಗುವ ಲೋಹದ ಪುಡಿ ಕಂಡರೆ ಮಾತ್ರ ಹುಷಾರು. ಅದು ಫೀಡ್ ಪಂಪಿನದ್ದೋ, ರಿಟರ್ನ್ ಸುತ್ತಿ ಬಂದ ಹೈ ಪ್ರೆಶರ್ ಪಂಪಿನದ್ದೋ ಆಗಿರಬಹುದು. ಆಗ ಎಂಜಿನ್ ಓಡಿಸಬೇಡಿ. ಓಡಿಸಿದಷ್ಟೂ ಆ ಪುಡಿ ರೈಲಿಗೆ, ಇಂಜೆಕ್ಟರಿಗೆ ಹೋಗುತ್ತದೆ. ಇಂಥ ಕಡೆ ಪಂಪ್ ಒಂದನ್ನೇ ಬದಲಿಸಿ ಕಳಿಸುವವರಿದ್ದಾರೆ. ಪೈಪು, ರೈಲು, ಟ್ಯಾಂಕು ಎಲ್ಲ ಸ್ವಚ್ಛವಾಗದಿದ್ದರೆ ಹೊಸ ಪಂಪೂ ಹೊಸ ಇಂಜೆಕ್ಟರೂ ಅದೇ ಪುಡಿಯನ್ನು ತಿನ್ನುತ್ತವೆ.

ಅಂದ ಹಾಗೆ, ಹೊಸ ಸೆಕೆಂಡರಿ (ಎರಡನೆಯ) ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿ ಹಾಕುವ ಅಭ್ಯಾಸ ಬಹಳ ಕಡೆ ಇದೆ. ಏರ್ ತೆಗೆಯುವ ಕೆಲಸ ಉಳಿಯುತ್ತದೆ ಅಂತ. ಆದರೆ ಹಾಗೆ ಮಧ್ಯದ ತೂತಿಗೆ ಸುರಿದ ಡೀಸೆಲ್ ಸೋಸದೆಯೇ ನೇರ ಪಂಪಿಗೆ ಹೋಗುತ್ತದೆ. ಇಂಜೆಕ್ಟರಿನ ಒಳಗಿನ ಸಂದುಗಳು ಕೆಲವೇ ಮೈಕ್ರಾನಿನವು, ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಖಾಲಿ ಫಿಲ್ಟರ್ ಹಾಕಿ ಪ್ರೈಮರಿನಿಂದಲೇ ತುಂಬಿಸಿ. ಕೈ ನೋಯುತ್ತದೆ, ನೋಯಲಿ.

ಈಗ ಬೆಳಿಗ್ಗೆಯ ಬಿಳಿ ಹೊಗೆ. ಇದು ಸರಿಯಾಗಿ ಉರಿಯದ ಡೀಸೆಲಿನ ಹೊಗೆ. ಮೂಗಿಗೆ, ಕಣ್ಣಿಗೆ ಚುರುಕು ಅನ್ನಿಸುತ್ತದೆ. ಸಿಹಿ ವಾಸನೆ ಬಂದು, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಅದು ಕೂಲಂಟ್. ಆಗ ಗ್ಯಾಸ್ಕೆಟ್ ಕಡೆ ನೋಡಬೇಕು. ನಿಮ್ಮದು ಬಿಸಿಯಾದ ಮೇಲೆ ಹೋಗುವುದರಿಂದ ಮೊದಲನೆಯದೇ ಇರಬೇಕು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಇಲ್ಲ, ಗಾಳಿಯನ್ನು ಒತ್ತಿದಾಗ ಬರುವ ಬಿಸಿಯಿಂದಲೇ ಉರಿ ಹತ್ತಬೇಕು. ತಣ್ಣಗಿನ ಎಂಜಿನ್‌ನಲ್ಲಿ ಆ ಬಿಸಿ ಸ್ವಲ್ಪ ಕಡಿಮೆಯಾದರೂ ಸೋತ ಸಿಲಿಂಡರ್ ಕೈಕೊಡುತ್ತದೆ. ಕಂಪ್ರೆಷನ್ ಕಡಿಮೆ ಇರಬಹುದು, ನಾಜಲ್ ಸಣ್ಣಗೆ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು. ಗಾಳಿ ಬಿಸಿ ಮಾಡುವ ಹೀಟರ್ ಅಥವಾ ಗ್ಲೋ ಪ್ಲಗ್ ಕೆಲಸ ಮಾಡದೆ ಇರಬಹುದು. ಈ ಕೊನೆಯದನ್ನು ಮಲ್ಟಿಮೀಟರಿನಲ್ಲಿ ಐದು ನಿಮಿಷದಲ್ಲಿ ನೋಡಬಹುದು. ಬಹಳ ಜನ ನೋಡುವುದೇ ಇಲ್ಲ.

ಯಾವ ಸಿಲಿಂಡರ್ ಎಂದು ಹುಡುಕಲು ಹಳೆಯ ಕೈಗಳು ಎಂಜಿನ್ ಓಡುವಾಗಲೇ ಇಂಜೆಕ್ಟರಿನ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸುತ್ತಿದ್ದರು. ಹಳೆಯ ಗಾಡಿಯಲ್ಲಿ ಅದು ಒಳ್ಳೆಯ ಪರೀಕ್ಷೆಯೇ. ನಿಮ್ಮ ಗಾಡಿಯಲ್ಲಿ ಯಾರಾದರೂ ಹಾಗೆ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ. ಐಡ್ಲಿಂಗ್‌ನಲ್ಲೂ ರೈಲಿನಲ್ಲಿ 300 ಬಾರ್ ಆಸುಪಾಸು ಒತ್ತಡ ಇರುತ್ತದೆ. ಆ ಧಾರೆ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಮಾಂಸ ಕೊಳೆತು ಬೆರಳು ತೆಗೆಯುವವರೆಗೂ ಹೋಗಬಹುದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ಕೈ ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ. ಪೈಪ್ ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾಯಿರಿ.

ಅದೇ ಪರೀಕ್ಷೆಯನ್ನು ಈಗ ಸ್ಕ್ಯಾನರಿನಿಂದ ಮಾಡಬಹುದು. ಒಂದೊಂದು ಇಂಜೆಕ್ಟರನ್ನು ಆಫ್ ಮಾಡುತ್ತಾ ಹೋಗಿ. ಆಫ್ ಮಾಡಿದಾಗ ಎಂಜಿನ್ ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ವ್ಯತ್ಯಾಸವೇ ಆಗದಿದ್ದರೆ ಸೋತದ್ದು ಅದೇ. ತಣ್ಣಗಿದ್ದಾಗ, ನಡುಗುತ್ತಿರುವಾಗಲೇ ಮಾಡಬೇಕು. ಬಿಸಿಯಾದ ಮೇಲೆ ಗಾಡಿ ತಂದು ನಿಲ್ಲಿಸಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. ಬಹಳ ಎಂಜಿನ್‌ಗಳಲ್ಲಿ ಕಂಪ್ಯೂಟರ್ ಪ್ರತಿ ಸಿಲಿಂಡರಿಗೆ ಎಷ್ಟು ಹೆಚ್ಚು ಕಡಿಮೆ ಡೀಸೆಲ್ ಕೊಟ್ಟು ಸಮ ಮಾಡುತ್ತಿದೆ ಎನ್ನುವ ಅಂಕಿಯೂ ಸಿಗುತ್ತದೆ. ಒಂದರ ಅಂಕಿ ಮಾತ್ರ ದೂರ ಹೋಗಿದ್ದರೆ ತಪ್ಪು ಅಲ್ಲಿದೆ. ಆದರೆ ಅದು ಇಂಜೆಕ್ಟರಿನದ್ದೇ ಎಂದು ಆ ಅಂಕಿ ಹೇಳುವುದಿಲ್ಲ. ಕಂಪ್ರೆಷನ್ ಇಳಿದಿದ್ದರೂ, ವಾಲ್ವ್ ಗ್ಯಾಪ್ ಕೆಟ್ಟಿದ್ದರೂ, ಇಂಜೆಕ್ಟರಿಗೆ ಹೋಗುವ ವೈರ್ ಸವೆದಿದ್ದರೂ ಕಂಪ್ಯೂಟರಿಗೆ ಕಾಣುವುದು ಒಂದೇ: ಆ ಸಿಲಿಂಡರ್ ಸೋಮಾರಿ. ಅದಕ್ಕೇ ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡುತ್ತೇವೆ. ತಪ್ಪು ಜೊತೆಗೇ ಹೋದರೆ ಇಂಜೆಕ್ಟರ್, ಅಲ್ಲೇ ಉಳಿದರೆ ಎಂಜಿನ್ ಅಥವಾ ವೈರಿಂಗ್. ಇಂಜೆಕ್ಟರ್ ಕಿತ್ತಾಗ ಕೆಳಗಿನ ತಾಮ್ರದ ವಾಷರ್ ಹೊಸದೇ ಹಾಕಿಸಿ. ಸುತ್ತ ಡಾಂಬರಿನಂಥ ಕಪ್ಪು ಕಟ್ಟಿದ್ದರೆ ಅಲ್ಲಿಂದ ಗ್ಯಾಸ್ ಸೋರುತ್ತಿತ್ತು ಎಂದರ್ಥ.

ರಿಟರ್ನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಆರೂ ಇಂಜೆಕ್ಟರಿನ ರಿಟರ್ನ್ ಬೇರೆ ಬೇರೆ ತೆಗೆಯಲು ಬರುವ ಎಂಜಿನ್ ಆದರೆ ಆರು ಒಂದೇ ಅಳತೆಯ ಬಾಟಲಿ ಹಾಕಿ, ಕೆಲವು ನಿಮಿಷ ಓಡಿಸಿ ಹೋಲಿಸುತ್ತಾರೆ. ಒಂದು ಬಾಟಲಿ ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಒತ್ತಡ ಬಿಟ್ಟುಕೊಡುತ್ತಿದೆ. ಇಂಥದ್ದು ಸಾಮಾನ್ಯವಾಗಿ ಬಿಸಿ ಎಂಜಿನ್‌ನಲ್ಲಿ ಸ್ಟಾರ್ಟಿಂಗ್ ಟ್ರಬಲ್ ಜಾಸ್ತಿ ಕೊಡುತ್ತದೆ, ಬಿಸಿ ಡೀಸೆಲ್ ತೆಳುವಾಗುವುದರಿಂದ. ನಿಮಗೆ ತೊಂದರೆ ತಣ್ಣಗಿದ್ದಾಗ. ನಾನು ಇಂಜೆಕ್ಟರನ್ನು ಪಟ್ಟಿಯಲ್ಲಿ ಕೆಳಗೆ ಹಾಕಿದ್ದಕ್ಕೆ ಇದೂ ಕಾರಣ. ಹಾಗಂತ ರಿಟರ್ನ್ ಸರಿ ಬಂದರೆ ಇಂಜೆಕ್ಟರ್ ಸರಿ ಎಂದು ಪೂರ್ತಿ ನಂಬುವ ಹಾಗಿಲ್ಲ. ನಾಜಲ್ ತುದಿ ತೊಟ್ಟಿಕ್ಕುವುದು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಟೆಸ್ಟ್ ಬೆಂಚ್, ಅಂದರೆ ಇಂಜೆಕ್ಟರ್ ಕಿತ್ತು ಪರೀಕ್ಷಿಸುವ ಯಂತ್ರ, ಬೇಕು.

ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ತೆರೆದೇ ಅಂಟಿಕೊಂಡರೂ ಐಡ್ಲಿಂಗ್ ಕೆಡುತ್ತದೆ, ಆದರೆ ಆಗ ಹೊಗೆ ಸಾಮಾನ್ಯವಾಗಿ ಕಪ್ಪು. ನಿಮ್ಮದಕ್ಕೆ ಅದು ಹೊಂದುವುದಿಲ್ಲ.

ಇದೆಲ್ಲ ಆಗುವವರೆಗೆ ಗಾಡಿ ಓಡಿಸಬಹುದಾ? ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ನಿಲ್ಲಿಸಿಬಿಡಿ. ಡೀಸೆಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗ್ ಸುಟ್ಟುಹೋಗುತ್ತದೆ. ಬಿಸಿಯಾದ ಮೇಲೂ ಮಿಸ್ಸಿಂಗ್ ಇದ್ದು ಒಳಗೆ ಬಡಿಯುವ ಶಬ್ದ ಬಂದರೂ ನಿಲ್ಲಿಸಿ. ತೊಟ್ಟಿಕ್ಕುವ ಇಂಜೆಕ್ಟರ್ ಪಿಸ್ಟನ್ನಿನಲ್ಲಿ ತೂತು ಮಾಡಬಲ್ಲದು. ಇವೆರಡೂ ಇಲ್ಲದಿದ್ದರೆ ಹಗುರ ಲೋಡಿನಲ್ಲಿ ಕೆಲವು ದಿನ ಓಡಿಸಬಹುದು. ಏರಿನಲ್ಲಿ ಪಿಕಪ್ ಹೋಗುವ ಗಾಡಿಯನ್ನು ತುಂಬು ಲೋಡಿನಲ್ಲಿ ಘಾಟಿಗೆ ಕಳಿಸುವುದು ಬೇಡ. ನಡುರಸ್ತೆಯಲ್ಲಿ ನಿಂತರೆ ಅಪಾಯ ನಿಮಗೊಬ್ಬರಿಗೇ ಅಲ್ಲ. ಇಂಜೆಕ್ಟರ್ ಕ್ಲೀನರ್ ಬಾಟಲಿಗಳು ತುದಿಯ ಸಣ್ಣ ಮಸಿಯನ್ನು ಕರಗಿಸಬಹುದು, ಸವೆದದ್ದನ್ನು ಸರಿ ಮಾಡುವುದಿಲ್ಲ, ಗಾಳಿ ಎಳೆಯುವುದನ್ನಂತೂ ಇಲ್ಲವೇ ಇಲ್ಲ. ಐಡ್ಲಿಂಗ್ ಆರ್‌ಪಿಎಂ ಏರಿಸಿಕೊಟ್ಟರೆ ನಡುಕ ಕಡಿಮೆ ಕಾಣುತ್ತದೆ, ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ.

ಪರೀಕ್ಷೆಯಲ್ಲಿ ಒಂದೇ ಇಂಜೆಕ್ಟರ್ ಸಿಕ್ಕಿತು ಅಂದುಕೊಳ್ಳಿ. ಅದೊಂದನ್ನೇ ಬದಲಿಸುವುದೋ, ಆರನ್ನೂ ಬದಲಿಸುವುದೋ? ಕಿತ್ತದ್ದಾಗಿದೆ ಎಂದು ಆರನ್ನೂ ಬೆಂಚಿಗೆ ಹಾಕಿಸಿ. ಐದರ ಅಂಕಿ ಮಿತಿಯೊಳಗೆ ಚೆನ್ನಾಗಿದ್ದರೆ ನಾನಾದರೆ ಒಂದನ್ನೇ ಬದಲಿಸುತ್ತೇನೆ. ಎರಡು ಮೂರು ಅಂಚಿನಲ್ಲಿದ್ದರೆ ಒಟ್ಟಿಗೆ ಮಾಡಿಸುವುದೇ ಲೇಸು, ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಕ್ಯಾಬಿನ್ ಎತ್ತುತ್ತಿರಬೇಕಾಗುತ್ತದೆ. ರೀಕಂಡೀಷನ್ ಮಾಡಿದ್ದು ತಗೋಬಹುದು, ಆದರೆ ಬೆಂಚಿನ ಅಂಕಿಗಳ ಪ್ರಿಂಟ್ ಜೊತೆಗೆ ಕೊಡಬೇಕು. ನಾಜಲ್ ಮಾತ್ರ ಬದಲಿಸಿ ಬೆಂಚಿಗೆ ಹಾಕದೆ ಕೊಟ್ಟರೆ ಬೇಡ ಅನ್ನಿ. ಕಾಮನ್ ರೈಲ್ ಇಂಜೆಕ್ಟರ್‌ಗಳಲ್ಲಿ ಬಹಳಷ್ಟರ ಮೇಲೆ ಅಕ್ಷರ ಮತ್ತು ಅಂಕಿಗಳ ಒಂದು ಕೋಡ್ ಇರುತ್ತದೆ. ಆ ಇಂಜೆಕ್ಟರ್ ಎಷ್ಟು ಹೆಚ್ಚು ಕಡಿಮೆ ಕೊಡುತ್ತದೆ ಎಂದು ಕಂಪ್ಯೂಟರಿಗೆ ತಿಳಿಸುವುದು ಅದೇ. ಹೊಸದು ಹಾಕಿದಾಗ, ಪಕ್ಕಕ್ಕೆ ಬದಲಾಯಿಸಿದಾಗಲೂ, ಆ ಕೋಡನ್ನು ಸ್ಕ್ಯಾನರಿನಿಂದ ಬರೆಯಬೇಕು. ಬರೆಯದೆ ಬಿಟ್ಟರೆ ಹೊಸ ಇಂಜೆಕ್ಟರಿನಲ್ಲೂ ಗಾಡಿ ನಡುಗುತ್ತದೆ, ಆಗ ಮತ್ತೆ ಪಂಪಿನ ಮಾತು ಬರುತ್ತದೆ.

ಪಂಪ್ ಬದಲಿಸುವ ಮಾತು ಬಂದರೆ ಮೂರು ಕೇಳಿ: ಫೀಡ್ ಪಂಪಿನ ಒತ್ತಡ ಎಷ್ಟು ಬಂತು, ಅಳತೆ ವಾಲ್ವನ್ನು ಬೇರೆಯಾಗಿ ನೋಡಿದಿರಾ, ರೈಲಿನ ರಿಲೀಫ್ ವಾಲ್ವ್ ಸೋರುತ್ತಿಲ್ಲ ತಾನೆ? ಅಳತೆ ವಾಲ್ವನ್ನು ಬಹಳ ಪಂಪ್‌ಗಳಲ್ಲಿ ಪಂಪ್ ಕೆಳಗಿಳಿಸದೆಯೇ ಬದಲಿಸಬಹುದು. ಯಾವುದನ್ನೇ ಬದಲಿಸಿದರೂ ಹಳೆಯದನ್ನು ಅಲ್ಲೇ ಬಿಟ್ಟು ಬರಬೇಡಿ. ಯಾವ ಸಿಲಿಂಡರಿನದು ಎಂದು ಗುರುತು ಹಾಕಿಸಿ ಮನೆಗೆ ತನ್ನಿ. ಆಮೇಲೂ ನಡುಕ ಉಳಿದರೆ ಇನ್ನೊಂದು ಕಡೆ ಬೆಂಚಿಗೆ ಹಾಕಿಸಿ ನೋಡಲು ಅದು ಬೇಕಾಗುತ್ತದೆ.